ದನದ ಬಾಯಾರ ಎಡತೋಳು

ನೀಲಗಂಗಾ ಬಾಯಾರ ರವಿಕೆಗಳಿಗೆಲ್ಲ ಎಡಗಡೆಯ ತೋಳು ಬೇರೆಯಾಗಿಯೇ ಇರುತ್ತಿತ್ತು. ಬಲತೋಳು ಎಲ್ಲ ಹೆಂಗಸರ ರವಿಕೆಯ ಹಾಗೆ ಮೊಣಕೈವರೆಗೆ ಹೊಲಿದದ್ದು. ಎಡತೋಳನ್ನು ಮಾತ್ರ ಹೆಗಲಿನ ಸುತ್ತ ಟಿಚ್ ಗುಂಡಿ ಹಚ್ಚಿ ಕೂಡಿಸಿರುತ್ತಿದ್ದರು. ಆಕಳನ್ನೋ ಎಮ್ಮೆಯನ್ನೋ ಕೈಹಾಕಿ ನೋಡುವ ಹೊತ್ತು ಬಂದಾಗ ಬಲಗೈಯಿಂದ ಒಂದು ಸಲ ಜಗ್ಗಿದರೆ ಸಾಕು, ಟಕಟಕಟಕ ಎಂದು ಗುಂಡಿಗಳೆಲ್ಲ ಬಿಚ್ಚಿಕೊಂಡು ತೋಳು ಕೈಗೆ ಬರುತ್ತಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿ, ಹೆಗಲವರೆಗೆ ಬರುವ ಕೈಗವಸು ಏರಿಸಿಕೊಂಡು, "ಬಾ ತಂಗಿ, ನೋಡೂಣು" ಎಂದು ಪ್ರಾಣಿಯ ಹಿಂದೆ ನಿಲ್ಲುತ್ತಿದ್ದರು. ಹಳಿಯಾಳದ ಟೇಲರನೊಬ್ಬ, ಬಾಯಾರು ಮಾತು ತಪ್ಪಿ ಹೇಳಿರಬೇಕೆಂದು ಎರಡೂ ತೋಳನ್ನು ಗಟ್ಟಿಯಾಗಿ ಹೊಲಿದುಕೊಟ್ಟಿದ್ದನಂತೆ. ಅವರು ಅವನ ಅಂಗಡಿಯಲ್ಲೇ ಕತ್ತರಿ ಇಸಿದುಕೊಂಡು ಹೊಸ ರವಿಕೆಯ ಎಡತೋಳನ್ನು ಕತ್ತರಿಸಿ, "ಈಗರೆ ಗುಂಡಿ ಹಚ್ಚಪಾ" ಎಂದು ಅವನ ಮುಂದೆ ಇಟ್ಟರಂತೆ.

ಆ ಟಕಟಕ ಸದ್ದು ತಾಲೂಕಿನ ದನಕರುಗಳಿಗೆಲ್ಲ ಗೊತ್ತಿತ್ತು. ಒಮ್ಮೆ ಅನುಭವಿಸಿದ ಎಮ್ಮೆ ಎರಡನೆಯ ಸಲ ಆ ಸದ್ದು ಕೇಳಿದರೆ ಹಗ್ಗ ಹರಿಯುವಂತೆ ಜಗ್ಗುತ್ತಿತ್ತು. ಬಾಯಾರಿಗೆ ಅದರಿಂದ ಬೇಸರವಾಗುತ್ತಿರಲಿಲ್ಲ. ಬದಲಿಗೆ ಖುಷಿಯಾಗುತ್ತಿತ್ತು. "ಗುಣಾ ಆದ ಮ್ಯಾಲೆ ಪ್ರಾಣಿ ನನ್ನ ನೋಡಿ ಓಡಬೇಕ್ರಿ. ಹತ್ತರ ಬಂದು ಮೂಸಿತಂದ್ರ ಇನ್ನ ಜಡ್ಡ ಐತಿ ಅಂತ ತಿಳೀರಿ" ಎನ್ನುತ್ತಿದ್ದರು. ನನ್ನ ಪೇಶಂಟುಗಳು ನನಗೆ ಪೇಢೆ ತಂದುಕೊಡುವುದನ್ನು ಕಂಡರೆ ಅವರಿಗೆ ನಗು. "ನಿಮ್ಮವು ಪೇಢಾ ತರ್ತಾವು, ನಮ್ಮವು ಒದೀತಾವು. ನಮ್ಮವ ಖರೇ."

ಹಳಿಯಾಳದಲ್ಲಿ ಆಗ ಬಾಯಾರು ಎಂದರೆ ನಾವಿಬ್ಬರು. ಡಾಕ್ಟರಿಕೆ ಮಾಡುವ ಹೆಂಗಸರನ್ನು ನಮ್ಮ ಕಡೆ ಕರೆಯುವುದೇ ಹಾಗೆ. ಅವರು ಪಶು ಆಸ್ಪತ್ರೆಯ ಡಾಕ್ಟರು, ನಾನು ಹೆರಿಗೆ ಡಾಕ್ಟರು. ನಾನು ದಾಂಡೇಲಿಯಲ್ಲಿ ಮಿಲ್ಲಿನ ಕೆಲಸಗಾರರ ಮನೆಯಲ್ಲಿ ಹುಟ್ಟಿ ಬೆಳೆದವಳು, ಅವರು ಅಥಣಿ ಕಡೆಯಿಂದ ವರ್ಗವಾಗಿ ಬಂದು ಇಲ್ಲೇ ನಿಂತವರು. ನನ್ನ ನರ್ಸಿಂಗ್ ಹೋಮ್ ರಸ್ತೆಯ ಈಚೆ, ಅವರ ಆಸ್ಪತ್ರೆಯ ಗೇಟು ಆಚೆ. ಯಾವ ಬಾಯಾರು ಎಂಬ ಗೊಂದಲ ಬೇಡವೆಂದು ಊರು ಅವರಿಗೆ 'ದನದ ಬಾಯಾರು' ಎಂದೂ ನನಗೆ 'ಬಸುರೀ ಬಾಯಾರು' ಎಂದೂ ಹೆಸರಿಟ್ಟಿತ್ತು. ನಾನು ಓದಿದ ಡಿಗ್ರಿಗೆ ಈ ಹೆಸರೇ ಎಂದು ಮೊದಮೊದಲು ನನಗೆ ಸಿಟ್ಟೇ ಬಂದಿತ್ತು.

ಗೊಂದಲ ಆದರೂ ತಪ್ಪಲಿಲ್ಲ. ಒಂದು ಮಧ್ಯಾಹ್ನ ರೈತನೊಬ್ಬ ಏದುಸಿರು ಬಿಡುತ್ತ ನನ್ನ ಕೋಣೆಗೆ ನುಗ್ಗಿ, "ಬಾಯಾರ, ಲಗೂ ಬರ್ರಿ, ನಮ್ಮ ಗೌರಿಗೆ ಬ್ಯಾನಿ ಹತ್ಯಾವು" ಎಂದ.

"ಎಷ್ಟನೇದು?"

"ನಾಕನೇದ್ರಿ."

"ಮೊದಲಿನ ಮೂರೂ ಸರಳ ಆಗಿದ್ದುವೇನು?"

"ಸರಳ ಆಗಿದ್ದುವ್ರಿ. ಹೋದ ಸಲ ಅಷ್ಟ ಮಾಸ ಬಿದ್ದಿರಲಿಲ್ಲ."

ಮಾಸು ಬೀಳದಿದ್ದರೆ ತಾಯಿ ಉಳಿಯುವುದೇ ಕಷ್ಟ. ಚೀಲ ತುಂಬಿಕೊಳ್ಳುತ್ತ, "ಅಷ್ಟ ತ್ರಾಸ ಇದ್ರ ಗಾಡ್ಯಾಗ ಹಾಕ್ಕೊಂಡ ಬರಬಾರದೇನೋ?" ಎಂದು ಗದರಿದೆ.

"ಹೆಂಗ ತರೂದ್ರಿ? ಗ್ವಾದಲಿ ಮುಂದ ಬಿದ್ದದ್ದು ಏಳವಲ್ಲದು."

ನಮ್ಮ ಕಡೆ ಹೆಣ್ಣುಮಕ್ಕಳನ್ನೂ 'ಅದು' ಎನ್ನುವ ರೂಢಿ ಇರುವುದರಿಂದ ಅಲ್ಲಿಯವರೆಗೆ ನನಗೆ ಸಂಶಯವೇ ಬಂದಿರಲಿಲ್ಲ. ಆದರೆ ಮೇವು ಹಾಕುವ ಗೋದಲಿಯ ಮುಂದೆ ಯಾವ ಸೊಸೆಯೂ ಬೀಳುವುದಿಲ್ಲ. ನಾನು ಚೀಲ ಹಿಡಿದು ಬೆಪ್ಪಾಗಿ ಬಾಗಿಲಲ್ಲಿ ನಿಂತಿದ್ದಾಗ ಆಚೆ ಗೇಟಿಗೆ ಒರಗಿಕೊಂಡು ಎಲ್ಲವನ್ನೂ ಕೇಳುತ್ತಿದ್ದ ನೀಲಗಂಗಾ ಬಾಯಾರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಬರ್ರಿ ಬಸುರೀ ಬಾಯಾರ, ಇಬ್ಬರೂ ಕೂಡೇ ಹೋಗೂಣು. ನಿಮ್ಮದೂ ನಮ್ಮದೂ ಒಂದ ಕೆಲಸ." ನಾನು ನಿಜವಾಗಿಯೂ ಅವರ ಸ್ಕೂಟರಿನ ಹಿಂದೆ ಕುಳಿತು ಹೋದೆ. ಗೌರಿ ಎಂಬ ಎಮ್ಮೆ ಹೆತ್ತದ್ದನ್ನು ನೋಡಿ ಬಂದೆ. ನಮ್ಮ ಸ್ನೇಹ ಅಂದಿನದು.

ಅವರು ಒಬ್ಬರೇ ಇದ್ದರು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ನನ್ನ ಕೈ ಎಲ್ಲೆಲ್ಲಿ ಹೋಗಿ ಬರ್ತೇತಿ ಅಂತ ಗೊತ್ತಾದ ಮ್ಯಾಲೆ ಯಾವ ಗಂಡಸೂ ಆ ಕೈಯಾಗ ಉಣ್ಣಾಕ ತಯಾರ ಆಗಲಿಲ್ರಿ" ಎಂದು ತಾವೇ ಮೊದಲು ನಗುತ್ತಿದ್ದರು. ಊಟವೆಲ್ಲ ನಿಂತೇ. ರೊಟ್ಟಿಯೊಳಗೆ ಶೇಂಗಾ ಚಟ್ನಿ ಸುತ್ತಿಕೊಂಡು ತಿನ್ನುತ್ತಲೇ ಮುಂದಿನ ದನವನ್ನು ಕಣ್ಣಿನಿಂದ ಅಳೆಯುತ್ತಿದ್ದರು. ಇನ್ನೊಂದು ವಿಚಿತ್ರ ಇತ್ತು. ಯಾವ ಪ್ರಾಣಿಯನ್ನೂ ಅವರು ಉಳಿಯುತ್ತದೆ ಎಂದು ಹೇಳುತ್ತಿರಲಿಲ್ಲ, ಉಳಿಯುವುದಿಲ್ಲ ಎಂದೂ ಹೇಳುತ್ತಿರಲಿಲ್ಲ. ಮನೆಯವರು ಕೈಮುಗಿದು ಕೇಳಿದರೆ ನಾನಿದ್ದೇನೆ ಎಂಬುದೊಂದೇ ಅವರ ಉತ್ತರ: "ನಾ ಅದೇನಿ." ಜೋಯಿಡಾದ ಕಾಡೊಳಗಿನ ಹಳ್ಳಿಗಳಲ್ಲಿ ಕನ್ನಡ ಬಾರದ ಮುದುಕಿಯರಿಗೂ ಆ ಎರಡು ಶಬ್ದದ ಅರ್ಥ ಗೊತ್ತಿತ್ತು.

ನಾನು ಅವರನ್ನು ಬೆರಗಿನಿಂದ ನೋಡುವಂತೆ ಮಾಡಿದ್ದು ಮೈನಾ. ಮೈನಾ ಸಾಂಬ್ರಾಣಿ ಎಂಬ ಹಳ್ಳಿಯ ಪರಸಪ್ಪನ ಬಿಳಿ ಹೆಣ್ಣುಕುದುರೆ. ಮದುವೆ ಮೆರವಣಿಗೆಗೆ ಕುದುರೆ ತರುವುದು ಪರಸಪ್ಪನ ಕಸುಬು. ವರ ಕೂರಲು ಹೆಣ್ಣುಕುದುರೆಯೇ ಆಗಬೇಕು ಎಂಬುದು ಅವರ ಮನೆತನದಲ್ಲಿ ಅಪ್ಪ ಅಜ್ಜಂದಿರಿಂದ ನಡೆದುಬಂದ ಪದ್ಧತಿ. ಮೈನಾಳನ್ನು ಅವನು ಮರಿಯಿದ್ದಾಗಿನಿಂದ ಸಾಕಿದ್ದ. ಬ್ಯಾಂಡಿನವರು ಕಿವಿಯ ಹತ್ತಿರವೇ ಊದಿದರೂ, ಕಾಲ ಕೆಳಗೇ ಪಟಾಕಿ ಸಿಡಿದರೂ ಅವಳು ಕಣ್ಣು ಮಿಟುಕಿಸುತ್ತಿರಲಿಲ್ಲ. ಜೀವಮಾನದಲ್ಲಿ ಕುದುರೆ ಹತ್ತದ ಅಳ್ಳೆದೆಯ ವರಗಳೆಲ್ಲ ಅವಳ ಮೇಲೆ ಸರದಾರರ ಹಾಗೆ ಕುಳಿತು ಹೋಗುತ್ತಿದ್ದರು.

ಅಂಥ ಮೈನಾ ಒಂದು ವರ್ಷ ಬದಲಾದಳು. ಬೆದೆಗೆ ಬರುವುದು ನಿಂತಿತು. ಕುತ್ತಿಗೆ ದಪ್ಪಗಾಯಿತು. ಬೇರೆ ಹೆಣ್ಣುಕುದುರೆ ಕಂಡರೆ ಮೂಸಿ, ಮೇಲ್ದುಟಿ ಎತ್ತಿ, ಗಂಡುಕುದುರೆಯ ಹಾಗೆ ಕೆನೆಯುತ್ತಿದ್ದಳು. ದಾಂಡೇಲಿಯ ಒಂದು ಮದುವೆಯಲ್ಲಿ ಎರಡು ಮೆರವಣಿಗೆಗಳು ಒಂದೇ ತಿರುವಿನಲ್ಲಿ ಎದುರಾದವು. ಆ ಕಡೆಯ ಮದುವೆಯದೂ ಹೆಣ್ಣುಕುದುರೆಯೇ. ಅದನ್ನು ಕಂಡದ್ದೇ ತಡ, ಮೈನಾ ಬೆನ್ನಮೇಲೆ ವರ ಇರುವುದನ್ನೂ ಮರೆತು ಮುಂಗಾಲೆತ್ತಿ ಅದರ ಮೇಲೆ ಏರಲು ಹೋದಳು. ವರ ಬಾಲದ ಕಡೆಯಿಂದ ಜಾರಿ ಬ್ಯಾಂಡಿನ ದೊಡ್ಡ ಡೊಳ್ಳಿನ ಮೇಲೆ ಕುಳಿತ. ಅವನ ಬಾಸಿಂಗ ಬೀಗರ ಕಾಲಡಿಗೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ ಎನ್ನುವುದೇ ಪುಣ್ಯ, ಆದರೆ ಆಮೇಲೆ ಮೈನಾಳನ್ನು ಯಾರೂ ಕರೆಯಲಿಲ್ಲ.

ಗಾಳಿ ಸೋಕಿದೆ ಎಂದು ಕೆಲವರು, ಕೊಬ್ಬು ಎಂದು ಕೆಲವರು. ಮುಂಡಗೋಡದ ಕಡೆ ಕುರಿ ಕಾಯುವವರು ಬಂದಾಗ ಹೇರು ಹೊರಲು ಅವರ ಜೊತೆ ಕಳಿಸಿಬಿಡು ಎಂದು ಮನೆಯವರೇ ಹೇಳತೊಡಗಿದರು. ಪರಸಪ್ಪ ಒಪ್ಪಲಿಲ್ಲ. ಮೈನಾ ಅವನ ಹೆಗಲನ್ನೂ ಕಚ್ಚಿದ್ದಳು. ಆ ಹಲ್ಲಿನ ಗುರುತನ್ನು ಟವೆಲ್ಲಿನಿಂದ ಮುಚ್ಚಿಕೊಂಡು, ಅವಳನ್ನು ನಡೆಸಿಕೊಂಡೇ ಅವನು ಪಶು ಆಸ್ಪತ್ರೆಗೆ ಬಂದ.

ನಾನು ಕುತೂಹಲ ತಡೆಯದೆ ರಸ್ತೆ ದಾಟಿ ಹೋದೆ. ಕಬ್ಬಿಣದ ಕಂಬಗಳ ಚೌಕಟ್ಟಿನೊಳಗೆ ಮೈನಾ ನಿಂತಿದ್ದಳು. ಟಕಟಕಟಕ. ಬಾಯಾರ ಎಡಗೈ ಹೆಗಲವರೆಗೂ ಒಳಗೆ ಹೋಯಿತು. ಅವರು ಕಣ್ಣು ಮುಚ್ಚಿಕೊಂಡರು. ಆ ಹೊತ್ತಿನಲ್ಲಿ ಅವರ ಮುಖ ಬೇರೆಯೇ ಆಗುತ್ತಿತ್ತು, ಪಕ್ಕದ ಮನೆಯ ಮಾತನ್ನು ಗೋಡೆಗೆ ಕಿವಿಗೊಟ್ಟು ಕೇಳುವವರ ಮುಖ.

"ಎಡಗಡೆ ಅಂಡಾಶಯ ತೆಂಗಿನಕಾಯಿಗಿಂತ ದೊಡ್ಡದಾಗೇತಿ, ಬಾಯಾರ. ಗಡ್ಡಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಬಲಗಡೇದು ಹುಡಕಿದ್ರೂ ಸಿಗವಲ್ದು. ಹಾಂ, ಸಿಕ್ತು. ಬಾರಿಕಾಯಿ ಆಗಿ ಮುದುಡಿ ಕುಂತೇತಿ."

ಒಂದು ಸ್ಕ್ಯಾನ್ ಮಾಡಿ ನೋಡಿದರೆ ಒಳ್ಳೆಯದಲ್ಲವೇ ಎಂದೆ.

"ಹಂಗಾದ್ರ ನಿಮ್ಮ ಯಂತ್ರ ತರ್ರಿ ಹೊರಗ" ಎಂದು ಕಣ್ಣು ತೆರೆಯದೆಯೇ ನಕ್ಕರು. ಹೆಣ್ಣು ಕೂಸನ್ನು ಹೊಟ್ಟೆಯಲ್ಲೇ ಹುಡುಕಿ ಕೊಲ್ಲುವವರ ಕಾಟಕ್ಕೆ ನನ್ನ ಯಂತ್ರವನ್ನು ಕೋಣೆಯಿಂದ ಕದಲಿಸಲು ಕಾನೂನು ಬಿಡುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೈನಾಳ ರಕ್ತವನ್ನು ಪಶುವೈದ್ಯ ಕಾಲೇಜಿಗೆ ಕಳಿಸಿದರು. ಗಂಡಿನ ಹಾರ್ಮೋನು ಮಿತಿ ಮೀರಿದೆ ಎಂದು ಅಲ್ಲಿಂದ ಉತ್ತರ ಬಂತು. ಪರಸಪ್ಪನನ್ನು ಕರೆದು, "ಅಕಿ ಅಂಡಾಶಯದಾಗ ಗಡ್ಡಿ ಬೆಳದೈತಿ. ಆಪರೇಷನ್ ಮಾಡಿ ತಗೀಬೇಕು. ಕಾಲೇಜಿನ ದೊಡ್ಡ ದವಾಖಾನಿಗೆ ಒಯ್ಯೂಣು" ಎಂದರು. ಪರಸಪ್ಪ ತಲೆ ತಗ್ಗಿಸಿಕೊಂಡು ಕುದುರೆ ಹಿಡಿದುಕೊಂಡು ಹೋದ.

ಕೆಲವು ದಿನಗಳ ಮೇಲೆ ತಪಾಸಣೆಗೆ ಬಂದ ಬಸುರಿ ಹುಡುಗಿಯೊಬ್ಬಳು ಅಳುಮುಖ ಮಾಡಿಕೊಂಡು ನನ್ನೆದುರು ಕುಳಿತಳು. "ಬಾಯಾರ, ನಮ್ಮ ಲಗ್ನದಾಗ ನಮ್ಮ ಮನಿಯವರನ್ನ ಗಂಡ ಕುದ್ರಿ ಮ್ಯಾಲೆ ಕುಂದ್ರಿಸಿದ್ರಂತ್ರಿ. ಕುದ್ರಿಯಾಂವ ತಾನ ನಮ್ಮ ಮನಿಗೆ ಬಂದು ಕಾಲಿಗೆ ಬಿದ್ದು ತಪ್ಪಾತು ಅಂದಾನ. ನಮ್ಮತ್ತಿ ಈಗ ಶಾಂತಿ ಮಾಡಸೂಣು ಅಂತ ಹಟಾ ಹಿಡದಾಳ." ಅವಳನ್ನು ಸಮಾಧಾನ ಮಾಡಿ ಕಳಿಸಿ, ರಸ್ತೆ ದಾಟಿ ಹೋಗಿ ಹೇಳಿದೆ. ನೀಲಗಂಗಾ ಬಾಯಾರು ಹಣೆ ಹಣೆ ಬಡಿದುಕೊಂಡರು. ಆಗಲೇ ಸ್ಕೂಟರ್ ಹೊರಟಿತು. ಹಿಂದೆ ನಾನು.

ಪರಸಪ್ಪ ಅಂಗಳದಲ್ಲಿ ಮೈನಾಳಿಗೆ ಕಡಲೆ ನೆನೆಸಿಡುತ್ತಿದ್ದ.

"ಇಕಿ ಗಂಡ ಅಂತ ಯಾರು ಹೇಳ್ಯಾರೋ ನಿನಗ?"

"ನೀವ ಹೇಳಿದ್ರೆಲ್ಲರಿ" ಎಂದ ಪರಸಪ್ಪ, ನೆಲ ನೋಡುತ್ತ. "ಅಂಡದಾಗ ಗಡ್ಡಿ ಐತಿ ಅಂತ. ಹೆಣ್ಣಿಗೆ ಅಂಡ ಎಲ್ಲಿಂದ ಬರ್ತಾವ್ರಿ? ಇಷ್ಟ ವರ್ಷ ಎಷ್ಟ ಮಂದಿ ವರಗೋಳನ್ನ ಕುಂದ್ರಿಸೇನಿ. ಎಲ್ಲಾರ ಮನಿಗೂ ಹೋಗಿ ತಪ್ಪ ಒಪ್ಕೊಳ್ಳಾಕತ್ತೇನಿ."

ಅವನ ಮಾತಿನಲ್ಲಿ ತಪ್ಪೇನಿತ್ತು? ಪುಸ್ತಕದಲ್ಲಿ ಅಂಡ ಎಂದರೆ ಹೆಣ್ಣಿನ ತತ್ತಿ, ಅಂಗಳದಲ್ಲಿ ಅಂಡ ಎಂದರೆ ಗಂಡಿನದು. ನನಗೆ ನಗು ತಡೆಯಲಾಗಲಿಲ್ಲ. ಬಾಯಾರು ಮಾತ್ರ ನಗಲಿಲ್ಲ. ಅವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತರು. "ತಪ್ಪು ನಂದ, ಪರಸಪ್ಪ. ಪುಸ್ತಕದ ಮಾತು ತಂದು ನಿನ್ನ ಮುಂದ ಒಗದೆ. ತತ್ತಿ ಚೀಲ ಅನ್ನಬೇಕಿತ್ತು."

"ತತ್ತೀನ್ರಿ?" ಅವನು ಇನ್ನಷ್ಟು ಗಾಬರಿಯಾದ. "ಕುದ್ರಿ ತತ್ತಿ ಇಡ್ತೇತಿ ಅಂತ ಹೇಳಿದ್ರ ಮಂದಿ ನನಗ ಹುಚ್ಚ ಅಂತಾರ."

"ಎಲ್ಲಾ ಹೆಣ್ಣಿನಾಗೂ ತತ್ತಿ ಇರ್ತಾವೋ. ಕೋಳಿ ಹೊರಗ ಇಡ್ತೇತಿ, ಉಳದವರು ಒಳಗ ಇಟ್ಕೋತೀವಿ. ಬೇಕಂದ್ರ ಈ ಬಾಯಾರನ ಕೇಳು."

ಪರಸಪ್ಪ ನನ್ನ ಕಡೆ ನೋಡಿದ. ನಾನು ಗಂಭೀರವಾಗಿ ತಲೆಯಾಡಿಸಿದೆ.

"ಆದ್ರ ನೀ ಕೇಳಿದ್ದು ಪೂರಾ ಸುಳ್ಳಲ್ಲ ನೋಡು" ಎಂದರು ಬಾಯಾರು, ದನಿ ತಗ್ಗಿಸಿ. "ಆ ಗಡ್ಡಿ ಗಂಡಿನ ರಸಾ ಮಾಡಾಕತ್ತೇತಿ. ಮೈ ಹೆಣ್ಣಿಂದು, ಹುಕುಂ ಗಂಡಿಂದು. ಅಕಿ ತಪ್ಪೇನೈತಿ? ಇನ್ನೊಂದು ಚೀಲ ಆ ಗದ್ದಲಕ್ಕ ಅಂಜಿ ಮಲಗಿಬಿಟ್ಟೈತಿ. ಇದನ್ನ ತಗದ್ರ ಅದು ಏಳಬೇಕು."

ಇಷ್ಟು ದಿನ ಎಲ್ಲರೂ ಮೈನಾಳನ್ನು ಬೈದಿದ್ದರು. ಅಕಿ ತಪ್ಪೇನೈತಿ ಎಂದವರು ಇವರೊಬ್ಬರೇ. ಪರಸಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಹೆಗಲ ಮೇಲಿನ ಹಲ್ಲಿನ ಗುರುತು ನಮಗೆ ಕಂಡದ್ದು ಆಗ.

"ಉಳೀತಾಳ್ರಿ?"

"ನಾ ಅದೇನಿ."

ಕಾಲೇಜಿಗೆ ಒಯ್ಯಲು ಲಾರಿ ತಂದರೆ ಮೈನಾ ಹತ್ತಲಿಲ್ಲ. ಹಲಗೆಯನ್ನೇ ಒದ್ದು ಮುರಿದಳು. ಇನ್ನೊಂದು ಲಾರಿ ಹುಡುಕುವಷ್ಟರಲ್ಲಿ ಒಂದು ಬೆಳಗ್ಗೆ ಅವಳು ಬೆವರುತ್ತ ನೆಲದ ಮೇಲೆ ಹೊರಳಾಡತೊಡಗಿದಳು. ಎಬ್ಬಿಸಿ, ಎಬ್ಬಿಸಿ, ಹೇಗೋ ಆಸ್ಪತ್ರೆಗೆ ತಂದರು. ಬಾಯಾರು ಕೈಹಾಕಿ ನೋಡಿದವರೇ ನನ್ನ ಕಡೆ ತಿರುಗಿದರು. ಗಡ್ಡೆಯ ಭಾರಕ್ಕೆ ಅದರ ತೊಟ್ಟು ತಿರುಚಿಕೊಂಡಿತ್ತು, ಹಸಿ ಅರಿವೆ ಹಿಂಡಿದ ಹಾಗೆ. ಇದು ಹೆಂಗಸರಲ್ಲೂ ಆಗುತ್ತದೆ. ಆ ನೋವು ಎಂಥದೆಂದು ನಾನು ಬಲ್ಲೆ. ಕಾಲೇಜು ಮುಟ್ಟುವವರೆಗೆ ಮೈನಾ ತಡೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು.

"ನಿಮ್ಮ ಗೌನು, ದಾರ, ಇಕ್ಕಳ ಏನೇನ ಅದಾವು ಎಲ್ಲಾ ತರ್ರಿ" ಎಂದರು. "ನೀವೂ ಬರ್ರಿ."

ನನ್ನ ಥಿಯೇಟರಿನಲ್ಲಿ ಮಲಗಿಸಲು ಟೇಬಲ್ಲು, ಅರಿವಳಿಕೆಗೆ ಬೇರೆ ಡಾಕ್ಟರು, ಮೇಲೆ ದೊಡ್ಡ ದೀಪ. ಇಲ್ಲಿ ಹೊಂಗೆ ಮರದ ನೆರಳು, ಕಂಬದ ಚೌಕಟ್ಟು, ನಿಂತೇ ಇರುವ ಕುದುರೆ. ಮಂಪರಿನ ಇಂಜೆಕ್ಷನ್ನಿಗೆ ಮೈನಾಳ ತಲೆ ಇಳಿಯಿತು. ಪರಸಪ್ಪ ಅವಳ ಮುಂದೆ ನಿಂತು ಆ ಭಾರವಾದ ತಲೆಯನ್ನು ತನ್ನ ಹೆಗಲ ಮೇಲೆ ಇರಿಸಿಕೊಂಡ, ಅವಳು ಕಚ್ಚಿದ ಅದೇ ಹೆಗಲು. ಎಡ ಪಕ್ಕೆಯನ್ನು ಬೋಳಿಸಿ, ತೊಳೆದು, ಮರಗಟ್ಟಿಸಿ, ಬಾಯಾರು ಕೊಯ್ದರು. ಮೊದಲ ಗೆರೆಯಲ್ಲಿಯೇ ನನಗೆ ತಿಳಿಯಿತು, ಈ ಕೈಯನ್ನು ನೋಡಲು ನಾನು ಎಷ್ಟು ದೂರವಾದರೂ ಹೋಗಬಹುದಿತ್ತು. ಅವಸರವಿಲ್ಲ, ಅನುಮಾನವಿಲ್ಲ. ಚರ್ಮ, ಒಂದೊಂದೇ ಪದರ ಮಾಂಸ ಸರಿಸಿಕೊಂಡು ಎಡಗೈ ಒಳಗೆ ಇಳಿಯಿತು. ಅವರ ಕಣ್ಣು ಮುಚ್ಚಿತು. ತಿರುಚಿದ್ದನ್ನು ಒಳಗೇ ಬಿಚ್ಚಿದರು, ತೊಟ್ಟಿಗೆ ಕಟ್ಟು ಹಾಕಿದರು, ಸರಪಳಿಯಂಥ ಹತ್ಯಾರದಿಂದ ಹಿಸುಕಿ ತುಂಡರಿಸಿದರು. ಆಮೇಲೆ ಎರಡೂ ಕೈಯಲ್ಲಿ ಎತ್ತಿ ಹೊರತಂದದ್ದು ಒಂದು ಸಣ್ಣ ಕುಂಬಳಕಾಯಿಯಷ್ಟಿತ್ತು.

ಅದನ್ನು ಬಕೆಟ್ಟಿನಲ್ಲಿ ಇಡುವಷ್ಟರಲ್ಲಿ ಗಾಯದ ಬಾಯಿಗೆ ಕೆಂಪು ರಕ್ತ ಉಕ್ಕಿಬಂತು. ಒಳಗಿನ ಕಟ್ಟು ಜಾರಿತ್ತು. ಆ ತೊಟ್ಟಿನ ರಕ್ತನಾಳ ನನ್ನ ಕಿರುಬೆರಳಿನಷ್ಟು ದಪ್ಪ. ಕುದುರೆ ನಿಂತಲ್ಲೇ ಬರಿದಾಗಲು ಹೆಚ್ಚು ಹೊತ್ತು ಬೇಡ. ಬಾಯಾರ ಕೈ ಆಗಲೇ ಒಳಗಿತ್ತು.

"ಸಿಕ್ತು. ಹಿಡದೇನಿ" ಎಂದರು. "ನನ್ನ ಕೈ ಬಿಡಂಗಿಲ್ಲ. ಬಾಯಾರ, ನಿಮ್ಮ ಕೈ ಸಣ್ಣದೈತಿ. ನನ್ನ ಕೈ ಗುಂಟ ಒಳಗ ಬರ್ರಿ. ಬೆರಳು ಮುಗಿದಲ್ಲೆ ಕಟ್ರಿ."

ದಾರ ಹಿಡಿದು ಅವರ ತೋಳಿನುದ್ದಕ್ಕೆ ನನ್ನ ಕೈ ಇಳಿಸಿದೆ. ಆ ಬಿಸಿ, ಆ ಕತ್ತಲು! ಮಗ್ಗುಲಲ್ಲಿ ಕರುಳು ತನ್ನ ಪಾಡಿಗೆ ತಾನು ಹೊರಳುತ್ತಿತ್ತು. ಆಳದಲ್ಲೆಲ್ಲೋ ಒಂದು ದೊಡ್ಡ ಬಡಿತ ಬಂದು ನನ್ನ ಮೊಣಕೈಗೆ ತಾಗುತ್ತಿತ್ತು. ಅವರ ಬೆರಳು ಸಿಕ್ಕವು, ಕಲ್ಲಿನ ಹಾಗೆ ಬಿಗಿದು ಹಿಡಿದಿದ್ದವು. ಅವುಗಳ ಕೆಳಗೆ ದಾರ ಸುತ್ತಿ, ಕಣ್ಣಿಗೆ ಏನೂ ಕಾಣದೆ, ಗಂಟು ಹಾಕಿದೆ. ಇನ್ನೊಂದು ಹಾಕಿದೆ. ಹೊರಗೆ ಅವರ ಮುಖ ನನ್ನ ಮುಖದ ಹತ್ತಿರವೇ ಇತ್ತು. "ಈಗ ಬಿಡ್ತೇನಿ" ಎಂದರು. ಬಿಟ್ಟರು. ಒಳಗೆ ನಮ್ಮಿಬ್ಬರ ಕೈಗಳು ಅಲ್ಲಾಡದೆ ಕಾದವು. ರಕ್ತ ಬರಲಿಲ್ಲ. ಆ ಕ್ಷಣದಲ್ಲಿ ನನಗೆ ಆದದ್ದು ಸಂತೋಷವಲ್ಲ, ಭಯವೂ ಅಲ್ಲ, ದೇವರ ಮನೆಯಲ್ಲಿ ಮಾತ್ರ ಚಿಕ್ಕಂದಿನಲ್ಲಿ ಆಗುತ್ತಿದ್ದಂಥದು.

ಹೊಲಿಗೆ ಮುಗಿದ ಮೇಲೆ ಪರಸಪ್ಪ ಬಕೆಟ್ಟಿನಲ್ಲಿ ಇಣುಕಿ, "ಇದೇನ್ರಿ ತತ್ತಿ?" ಎಂದ.

"ತತ್ತಿ ಅಲ್ಲಪಾ. ತತ್ತಿ ನುಂಗಿದ್ದು."

ಆದರೂ ಕುದುರೆಯ ತತ್ತಿ ನೋಡಲು ಊರಿಗೆ ಊರೇ ಬಂದು ಹೋಯಿತು. ಮುಂದಿನ ದಿನಗಳು ಸುಲಭದವಲ್ಲ. ಮೈನಾಳಿಗೆ ಜ್ವರ ಏರಿತು, ಮೇವು ಬಿಟ್ಟಳು, ಹೊಟ್ಟೆಯೊಳಗೆ ಕೀವಾಗುತ್ತದೇನೋ ಎಂದು ನಮಗೆ ಹೆದರಿಕೆ. ಬಾಯಾರು ಆಸ್ಪತ್ರೆಯ ಪಡಸಾಲೆಯಲ್ಲೇ ಉಳಿದುಬಿಟ್ಟರು. ಅವರು ಹತ್ತಿರ ಹೋದರೆ ಮೈನಾ ಅವರ ಅಂಗೈಯಲ್ಲಿ ಮೂತಿ ಇಡುತ್ತಿದ್ದಳು. ನೋಡಿದವರಿಗೆ ಎಷ್ಟು ಪ್ರೀತಿ ಎನ್ನಿಸುತ್ತಿತ್ತು. ಬಾಯಾರ ಮುಖ ಮಾತ್ರ ಬಾಡುತ್ತಿತ್ತು. ಒಂದು ಬೆಳಗ್ಗೆ ಅವರು ಬೇರೆ ಯಾವುದೋ ಆಕಳಿಗೆಂದು ತೋಳು ಜಗ್ಗಿದರು. ಟಕಟಕಟಕ. ಆಚೆ ಕಟ್ಟಿದ್ದ ಮೈನಾ ಕಿವಿ ಹಿಂದಕ್ಕೆ ಒತ್ತಿ, ಗೋಡೆಗೆ ಬಲವಾಗಿ ಒಂದು ಒದೆ ಕೊಟ್ಟಳು. ಬಾಯಾರು ರಸ್ತೆಯ ಈಚೆಗಿದ್ದ ನನಗೆ ಕೇಳುವಂತೆ ಕೂಗಿದರು: "ಬಾಯಾರ! ಉಳದ್ಲು ನೋಡ್ರಿ!"

ಬರುಬರುತ್ತ ಕೆನೆತ ಇಳಿಯಿತು, ಕುತ್ತಿಗೆ ಇಳಿಯಿತು, ಕಚ್ಚುವುದು ನಿಂತಿತು. ಆದರೆ ಬಾಯಾರಿಗೆ ಇನ್ನೂ ಒಂದು ಬಾಕಿ ಇತ್ತು. ಮಲಗಿದ ಆ ಇನ್ನೊಂದು ಚೀಲ. ತಿಂಗಳಿಗೊಮ್ಮೆ ಮೈನಾಳನ್ನು ತರಿಸಿ ನೋಡುತ್ತಿದ್ದರು, ತಲೆಯಾಡಿಸುತ್ತಿದ್ದರು. ಬೇಸಿಗೆಯ ಒಂದು ದಿನ ಕಣ್ಣು ಮುಚ್ಚಿ ನಿಂತವರು ಹಾಗೇ ಬಹಳ ಹೊತ್ತು ನಿಂತರು. ಆಮೇಲೆ ನನಗೆ ಒಂದು ಕೈಗವಸು ಕೊಟ್ಟು, "ನೀವ ನೋಡ್ರಿ" ಎಂದರು. ನಾನು ದಿನ ಬೆಳಗಾದರೆ ಪರದೆಯ ಮೇಲೆ ಕಪ್ಪು ಚುಕ್ಕೆಯಾಗಿ ನೋಡುವುದನ್ನು ಅಂದು ಮೊದಲ ಸಲ ಬೆರಳಲ್ಲಿ ಮುಟ್ಟಿದೆ. ಬಾರಿಕಾಯಿಯಂತೆ ಮುದುಡಿದ್ದದ್ದು ತುಂಬಿಕೊಂಡಿತ್ತು. ಅದರ ಮೇಲೆ ಹಣ್ಣಾದ ನಿಂಬೆಯಷ್ಟು ಮೆತ್ತಗೆ, ಇನ್ನೇನು ಒಡೆಯುವ ಹಾಗೆ, ಒಂದು ತತ್ತಿಯ ಗುಳ್ಳೆ ನಿಂತಿತ್ತು.

"ಎದ್ದೇತಿ" ಎಂದೆ.

"ಎದ್ದೇತಿ" ಎಂದರು ಅವರು. ಮುಂದೆ ಮೈನಾ ಒಂದು ಕೆಂಚು ಮರಿ ಹಾಕಿದಳು. ಪರಸಪ್ಪ ತಾನು ಕಾಲಿಗೆ ಬಿದ್ದುಬಂದ ಮನೆಗಳಿಗೆಲ್ಲ ಮತ್ತೆ ಹೋಗಿ ಸಕ್ಕರೆ ಹಂಚಿ ಬಂದ.

ನೀಲಗಂಗಾ ಬಾಯಾರು ನಿವೃತ್ತರಾದಾಗ ಅವರನ್ನು ಮೈನಾಳ ಮೇಲೆ ಕೂರಿಸಿ ಮೆರವಣಿಗೆ ಮಾಡಬೇಕೆಂದು ಪರಸಪ್ಪ ಪಟ್ಟು ಹಿಡಿದ. ಮೈನಾ ಗೊಂಡೆ, ಗೆಜ್ಜೆ ಕಟ್ಟಿಕೊಂಡು ಗೇಟಿನ ಮುಂದೆ ನಿಂತಳು. ಬಾಯಾರು ರೇಷ್ಮೆ ಸೀರೆ ಉಟ್ಟು, ಕೊರಳು ತುಂಬ ಮಲ್ಲಿಗೆ ಮಾಲೆ ಹಾಕಿಸಿಕೊಂಡು ಬಂದರು. ಯಾರೋ ಅತ್ತರು ಬೇರೆ ಹಚ್ಚಿದ್ದರು. ಒದೆಯುತ್ತಾಳೇನೋ ಎಂದು ಎಲ್ಲರೂ ನೋಡಿದೆವು. ಮೈನಾ ಅಲುಗಲಿಲ್ಲ. ಕತ್ತು ಚಾಚಿ ಬಾಯಾರ ಮಾಲೆಯನ್ನು ಮೂಸಿ, ಒಂದೆರಡು ಹೂ ಕಿತ್ತು ತಿನ್ನತೊಡಗಿದಳು. ಜನ ಚಪ್ಪಾಳೆ ತಟ್ಟಿದರು. ಪರಸಪ್ಪ ಹಿಗ್ಗಿಹೋದ. ಅವರ ಪಕ್ಕದಲ್ಲಿದ್ದ ನನಗೆ ಮಾತ್ರ ಕಂಡಿತು, ಬಾಯಾರ ಮುಖ ಸಪ್ಪಗಾಗಿತ್ತು.

"ಮರತಾಳ್ರಿ ನನ್ನ" ಎಂದರು, ನನಗಷ್ಟೇ ಕೇಳುವಂತೆ.

ಆಮೇಲೆ ಅವರ ಬಲಗೈ ಮೆಲ್ಲಗೆ ಎಡ ಹೆಗಲಿಗೆ ಹೋಯಿತು. ರೇಷ್ಮೆಯ ರವಿಕೆಗೂ ಅವರು ಗುಂಡಿ ಹಚ್ಚಿಸಿದ್ದರು!

ಟಕಟಕಟಕ.

ಮೈನಾಳ ಕಿವಿ ಹಿಂದಕ್ಕೆ ಒರಗಿದವು. ಬಾಯಲ್ಲಿನ ಹೂ ಉಗುಳಿ, ಗರಕ್ಕನೆ ತಿರುಗಿ, ಬ್ಯಾಂಡಿನವರನ್ನು ಚೆದುರಿಸಿಕೊಂಡು, ಪರಸಪ್ಪನನ್ನೂ ಎಳೆದುಕೊಂಡು ರಸ್ತೆಯ ಆ ತುದಿಯವರೆಗೆ ಓಡಿಹೋಗಿ ನಿಂತಳು. ಜನವೆಲ್ಲ ಹಾಹಾಕಾರ. ಬಾಯಾರು ಕಿತ್ತ ತೋಳನ್ನು ಕೈಯಲ್ಲಿ ಹಿಡಿದು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. "ಮರತಿಲ್ರಿ! ಮರತಿಲ್ಲ!" ಹೀಗಾಗಿ ಅವತ್ತಿನ ಮೆರವಣಿಗೆಯಲ್ಲಿ ಮೈನಾ ಬರಿಬೆನ್ನಿನಲ್ಲಿ ಎಷ್ಟೋ ಮುಂದೆ, ನಡುವೆ ಬ್ಯಾಂಡು, ಕೊನೆಯಲ್ಲಿ ಒಂದು ತೋಳಿಲ್ಲದ ರೇಷ್ಮೆ ರವಿಕೆಯಲ್ಲಿ ನಡೆಯುತ್ತ ನಮ್ಮ ಬಾಯಾರು. ನಾನು ಅವರನ್ನು ಕೊನೆಯ ಸಲ ಕಂಡದ್ದು ಹಾಗೆ. ಅವರು ಅಥಣಿ ಕಡೆಯ ತಮ್ಮೂರಿಗೆ ಹೋದರು, ನಾನು ನನ್ನ ಬಸುರಿಯರ ನಡುವೆ ಉಳಿದೆ. ಆಗಾಗ ಫೋನು, ಅದರಲ್ಲೂ ಮೊದಲ ಪ್ರಶ್ನೆ ಮೈನಾಳದೇ. ಗೇಟಿನ ಮುಂದೆ ಹಾಯುವಾಗ ಅವಳು ಇನ್ನೂ ಹೆದರುತ್ತಾಳೆ ಎಂದರೆ ಅವರಿಗೆ ಅಷ್ಟೇ ಸಾಕು.

ಅದು ನಿಜವೇ ಆಗಿತ್ತು. ಗೇಟಿನೊಳಗೆ ಬೇರೆ ಡಾಕ್ಟರು ಬಂದು ಕುಳಿತಿದ್ದರೂ ಮೈನಾ ಅಲ್ಲಿ ಹಾಯುವಾಗ ಕಿವಿ ಒತ್ತಿಕೊಂಡು, ನನ್ನ ನರ್ಸಿಂಗ್ ಹೋಮಿನ ಗೋಡೆಗೆ ಮೈ ಉಜ್ಜುವಷ್ಟು ಈಚೆಗೆ ಸರಿದೇ ಹೋಗುತ್ತಿದ್ದಳು. ಮೇಲೆ ಕುಳಿತ ವರನಿಗೆ ಏನೆಂದು ತಿಳಿಯುತ್ತಿರಲಿಲ್ಲ. ಪರಸಪ್ಪ ಲಗಾಮು ಹಿಡಿದು, "ಬಾಯಾರು ಇಲ್ಲವ್ವಾ, ಊರಿಗೆ ಹೋಗ್ಯಾರ, ಅಂಜಬ್ಯಾಡ ಬಾ" ಎಂದು ಅವಳಿಗೆ ಪ್ರತಿ ಸಲವೂ ಹೇಳುತ್ತಿದ್ದ. ಕಿಟಕಿಯಲ್ಲಿ ನಿಂತ ನನಗೆ ಅದು ಕೇಳುತ್ತಿತ್ತು.

ಹೋದ ವರ್ಷ ಬಾಯಾರು ತೀರಿಕೊಂಡ ಸುದ್ದಿ ಬಂತು. ಬೆಳಗ್ಗೆ ರೊಟ್ಟಿ ತಿನ್ನುತ್ತ ನಿಂತವರು ಹಾಗೇ ಕುಸಿದರಂತೆ. ಪರಸಪ್ಪನಿಗೆ ನಾನೇ ಹೇಳಿದೆ. ಅವನು ಟವೆಲ್ಲು ಸರಿಪಡಿಸಿಕೊಂಡು ಹೋದ. ಅದಾದ ಮೇಲೆ ಮೊದಲ ಲಗ್ನಸರಾಯಿಯಲ್ಲಿ, ಮದುವೆಗಳ ಸುಗ್ಗಿಯಲ್ಲಿ, ಮೈನಾ ಮತ್ತೆ ಆ ರಸ್ತೆಯಲ್ಲಿ ಬಂದಳು. ಗೇಟು ಬಂತು. ಅವಳ ಕಿವಿ ಹಿಂದಕ್ಕೆ ಹೋದವು, ಈಚೆ ಗೋಡೆಗೆ ಸರಿದಳು. ಪರಸಪ್ಪ ಏನೂ ಹೇಳಲಿಲ್ಲ. ಅವಳು ಸರಿದಷ್ಟು ತಾನೂ ಸರಿದು, ಸುಮ್ಮನೆ ದಾಟಿಸಿಕೊಂಡು ಹೋದ.

ಸಂಜೆ ಮರಳಿ ಹೋಗುವಾಗ ಅವನನ್ನು ನಿಲ್ಲಿಸಿ ಕೇಳಿದೆ, ಇವತ್ತು ಯಾಕೆ ಅವಳಿಗೆ ಹೇಳಲಿಲ್ಲ ಎಂದು.

"ಯಾಕ ಹೇಳೂದ್ರಿ ಬಾಯಾರ" ಎಂದ ಪರಸಪ್ಪ, ಮೈನಾಳ ಕೊರಳು ಸವರುತ್ತ. "ಅಕಿ ಲೆಕ್ಕದಾಗ ಅವರು ಇನ್ನ ಒಳಗ ಅದಾರ. ಇರಲಿ ಬಿಡ್ರಿ."